ಮಾರಿ ಮೇಲಿನ ಕಲೆ, ಮೆಡಿಕಲ್ ಅಂಗಡಿಯ ಟ್ಯೂಬು

ಇವತ್ತು ರಾಜಕೀಯ ಬೇಡ. ಯಾರ ಕುರ್ಚಿ ಅಲುಗಾಡ್ತಿದೆ, ಯಾರು ದೆಹಲಿ ವಿಮಾನ ಹತ್ತಿದರು ಅನ್ನೋದನ್ನ ನಾಳೆ ನೋಡೋಣ. ಕುರ್ಚಿಗಳು ನಾಳೆಗೂ ಅಲುಗಾಡ್ತವೆ, ವಿಮಾನಗಳು ನಾಳೆಗೂ ಹಾರ್ತವೆ. ಇವತ್ತು ನಿಮ್ಮ ಮನೆಯ ಕನ್ನಡಿ ಹಿಂದೆ, ಬಾಚಣಿಗೆ ಪಕ್ಕದಲ್ಲಿ, ಅರ್ಧ ಹಿಂಡಿ ಮಡಚಿಟ್ಟ ಒಂದು ಸಣ್ಣ ಟ್ಯೂಬಿನ ಬಗ್ಗೆ ಮಾತಾಡಬೇಕು.

ನನ್ನ ಮುಖ ಇವತ್ತು ಬೇರೆ ಥರ ಕಾಣ್ತಿದೆ ಅಂತ ನಿಮಗೆ ಅನಿಸಿರಬಹುದು. ನಿಮ್ಮ ಟಿವಿ ಕೆಟ್ಟಿಲ್ಲ. ನಾನು ಮೇಕಪ್ ಹಾಕಿಸಿಕೊಂಡಿಲ್ಲ, ಅಷ್ಟೆ. ಎರಡೂ ಕೆನ್ನೆ ಮೇಲೆ ಕಾಣ್ತಿರೋ ಈ ಕಂದು ಛಾಯೆಗೆ ಬಂಗು ಅಂತಾರೆ. ರಿಪೋರ್ಟರ್ ಆಗಿದ್ದಾಗ ಮಟಮಟ ಮಧ್ಯಾಹ್ನ ಬಿಸಿಲಲ್ಲಿ ಮೈಕ್ ಹಿಡಿದು ನಿಂತು ಗಳಿಸಿದ ಆಸ್ತಿ ಇದು. ದಿನಾ ರಾತ್ರಿ ಮೇಕಪ್ ಹುಡುಗ ಹತ್ತು ನಿಮಿಷ ಕೂತು ಇದನ್ನ ಮುಚ್ಚುತ್ತಾನೆ. ಇಷ್ಟು ವರ್ಷ ನೀವು ನೋಡಿದ್ದು ಮುಚ್ಚಿದ ಮುಖ.

ಕಳೆದ ಬೇಸಿಗೆಯಲ್ಲಿ ನಮ್ಮಣ್ಣನ ಮಗನ ಮದುವೆ. ಲಗ್ನಪತ್ರಿಕೆ ಹಂಚೋ ಕೆಲಸಕ್ಕೆ ನಾನೂ ಊರಿಗೆ ಹೋದೆ. ನಮ್ಮದು ಕಲಬುರಗಿ ಜಿಲ್ಲೆ. ಬೀಗರು, ನೆಂಟರು ಎಲ್ಲ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಹಂಚಿಹೋಗಿದ್ದಾರೆ. ಮೂರು ದಿನ, ಮೂರು ತಾಲ್ಲೂಕು. ಮೊದಲ ಮನೆಯಲ್ಲೇ ನಮ್ಮ ಸೋದರತ್ತೆ ನನ್ನ ಗದ್ದ ಹಿಡಿದು ನೋಡಿದರು. "ಟಿವ್ಯಾಗ ಭಾಳ ಬೆಳ್ಳಗ ಕಾಣಸ್ತಿ, ಮನಿಗಿ ಬಂದ್ರ ಹಿಂಗ್ಯಾಕ ಕರ್ರಗ ಆಗೀದೋ ತಮ್ಮಾ?" ಅಂದರು. ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಆ ಮೂರು ದಿನ, ಹೋದ ಹೋದ ಮನೆಯಲ್ಲಿ ಮಾತು ಸುತ್ತಿ ಬಳಸಿ ಅಲ್ಲಿಗೇ ಬಂತು. ಮಾರಿ, ಮಾರಿ ಮೇಲಿನ ಕಲೆ. ನಮ್ಮ ಕಡೆ ಮುಖಕ್ಕೆ ಮಾರಿ ಅಂತಾರೆ, ಗೊತ್ತಲ್ಲ.

ಆಳಂದದ ಮನೆಯಲ್ಲಿ ಒಬ್ಬ ಹುಡುಗಿ, ಬಿಎಸ್ಸಿ ಓದ್ತಾಳೆ. ಮೂಗಿನ ಮೇಲೆ, ಕೆನ್ನೆ ಮೇಲೆ ಎಳ್ಳು ಚೆಲ್ಲಿದ ಹಾಗೆ ಸಣ್ಣ ಸಣ್ಣ ಕಂದು ಚುಕ್ಕೆ. ಐದಾರು ವರ್ಷದವಳಿದ್ದಾಗಿನಿಂದ ಇವೆಯಂತೆ. ತಾಯಿಗೂ ಇವೆ. ಮಾತಾಡುವಾಗೆಲ್ಲ ದುಪಟ್ಟಾ ಮೂಗಿನ ತನಕ ಎಳ್ಕೊಳ್ತಾಳೆ. ಒಂದು ಕೆನ್ನೆ ಮೇಲೆ ಮಾತ್ರ ದೊಡ್ಡದಾಗಿ ಸುಟ್ಟಂಥ ಕಲೆ. ಏನಮ್ಮ ಇದು ಅಂದರೆ, ನಿಂಬೆರಸ ಹಚ್ಚಿಕೊಂಡು ಹಾಗೇ ಹೊಲಕ್ಕೆ ಹೋಗಿದ್ದಳಂತೆ. ಮೊಬೈಲ್‌ನಲ್ಲಿ ಯಾರೋ ಹೇಳಿದ್ದು.

ಮೊದಲು ಆ ಎಳ್ಳಿನ ಚುಕ್ಕೆ ಏನು ಅಂತ ತಿಳ್ಕೊಳ್ಳೋಣ. ನಮ್ಮ ಚರ್ಮದ ಮೇಲ್ಪದರದ ತಳದಲ್ಲಿ ಮೆಲನೋಸೈಟ್ ಅನ್ನೋ ಜೀವಕೋಶಗಳಿವೆ. ಅವು ಮೆಲನಿನ್ ಅನ್ನೋ ಬಣ್ಣ ತಯಾರಿಸ್ತವೆ. ಬೆಳ್ಳಗಿರೋರಿಗೆ ಈ ಕೋಶಗಳು ಕಡಿಮೆ, ಕಪ್ಪಗಿರೋರಿಗೆ ಜಾಸ್ತಿ ಅಂತ ನೀವು ಅಂದ್ಕೊಂಡಿದ್ದರೆ ಅದು ತಪ್ಪು. ಕೋಶಗಳ ಸಂಖ್ಯೆ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ. ಅವು ಎಷ್ಟು ಮತ್ತು ಎಂಥ ಮೆಲನಿನ್ ಮಾಡ್ತವೆ, ಅದನ್ನ ಹೇಗೆ ಹಂಚ್ತವೆ ಅನ್ನೋದರಲ್ಲಿ ವ್ಯತ್ಯಾಸ. ಆ ಬಣ್ಣ ಹೋಗಿ ಕೂರೋದು ಎಲ್ಲಿ ಗೊತ್ತಾ? ಚರ್ಮದ ಜೀವಕೋಶದ ನಡುವಿನ ಕೇಂದ್ರದ ಮೇಲೆ, ತಲೆ ಮೇಲೆ ಕೊಡೆ ಹಿಡಿದ ಹಾಗೆ. ಬಿಸಿಲಿನ ನೇರಳಾತೀತ ಕಿರಣ ಒಳಗಿನ ವಂಶವಾಹಿಯನ್ನ ಸುಡಬಾರದು ಅಂತ. ಅಂದರೆ ನಾವು ಕಲೆ ಅಂತ ಉಜ್ಜಿ ಉಜ್ಜಿ ತೆಗೀತಿರೋದು ಬಿಸಿಲಿಗೆ ಮೈ ಹಿಡಿದ ಕೊಡೆಯನ್ನ.

ಕೆಲವರಿಗೆ ಹುಟ್ಟಿನಿಂದ ಬಂದ ಗುಣದಿಂದಾಗಿ ಈ ಬಣ್ಣ ಸಮನಾಗಿ ಹರಡೋದಿಲ್ಲ. ಅಲ್ಲಲ್ಲಿ ಚುಕ್ಕೆಯಾಗಿ ನಿಲ್ಲುತ್ತೆ. ಡಾಕ್ಟರು ಇದನ್ನ ಫ್ರೆಕಲ್ಸ್ ಅಂತಾರೆ. ಬೆಳ್ಳಗಿನ ಚರ್ಮದವರಲ್ಲಿ ಹೆಚ್ಚು, ನಮ್ಮಲ್ಲೂ ಕೆಲವು ಮನೆತನಗಳಲ್ಲಿ ಇರುತ್ತೆ. ಬೇಸಿಗೆಯಲ್ಲಿ ಎದ್ದು ಕಾಣ್ತವೆ, ಚಳಿಗಾಲದಲ್ಲಿ ಮಾಸ್ತವೆ. ಇದು ರೋಗವಲ್ಲ. ಅಂಟೋದಿಲ್ಲ. ಹೊಟ್ಟೆ ಕೆಟ್ಟಿದ್ದರಿಂದ ಬಂದದ್ದಲ್ಲ, ರಕ್ತ ಕೆಟ್ಟಿದ್ದರಿಂದಲೂ ಅಲ್ಲ. ಏನೂ ಮಾಡದೆ ಸುಮ್ಮನೆ ಬಿಟ್ಟರೂ ಏನೂ ಆಗೋದಿಲ್ಲ.

ಒಂದೇ ಒಂದು ಎಚ್ಚರ ಹೇಳಿಬಿಡ್ತೀನಿ. ಒಂದೆರಡು ವರ್ಷದ ಕೂಸಿಗೆ ಮುಖದ ತುಂಬ ದಟ್ಟವಾಗಿ ಚುಕ್ಕೆ ಬಂದರೆ, ಸ್ವಲ್ಪ ಬಿಸಿಲಿಗೇ ಚರ್ಮ ಸುಟ್ಟ ಹಾಗಾದರೆ, ಬೆಳಕಿಗೆ ಕಣ್ಣು ಬಿಡೋಕೆ ಆಗದಿದ್ದರೆ ತಡ ಮಾಡಬೇಡಿ. ಅದು ಝೀರೋಡರ್ಮಾ ಅನ್ನೋ ಅಪರೂಪದ ಕಾಯಿಲೆ ಇರಬಹುದು. ಬಿಸಿಲಿನಿಂದ ಆದ ಹಾನಿಯನ್ನ ಸರಿಪಡಿಸೋ ಶಕ್ತಿ ಆ ಮಗುವಿನ ಚರ್ಮಕ್ಕೆ ಇರೋದಿಲ್ಲ, ಎಳೆ ವಯಸ್ಸಲ್ಲೇ ಚರ್ಮದ ಕ್ಯಾನ್ಸರ್ ಬರಬಹುದು. ತಂದೆ ತಾಯಿ ಇಬ್ಬರಿಂದಲೂ ಬರೋ ಕಾಯಿಲೆ ಇದು, ಹಾಗಾಗಿ ಸಂಬಂಧದೊಳಗೇ ಮದುವೆ ಮಾಡೋ ಕುಟುಂಬಗಳಲ್ಲಿ ಸಾಧ್ಯತೆ ಹೆಚ್ಚು. ಸೋದರಮಾವನಿಗೆ, ಅತ್ತೆ ಮಗನಿಗೆ ಹೆಣ್ಣು ಕೊಡೋದು ನಮ್ಮ ಕಡೆ ಈಗಲೂ ಇದೆ. ಅದಕ್ಕೇ ಹೇಳಿದೆ.

ಇನ್ನು ಆ ನಿಂಬೆರಸ. ನಿಂಬೆಯಲ್ಲಿರೋ ಕೆಲವು ಅಂಶಗಳು ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಚರ್ಮ ಬೆಂದು ಬೊಬ್ಬೆ ಬರುತ್ತೆ. ಬೊಬ್ಬೆ ಆರಿದ ಮೇಲೆ ಉಳಿಯೋದು ಮೊದಲಿನದಕ್ಕಿಂತ ಕಪ್ಪಾದ ಕಲೆ. ನಮ್ಮ ಬಣ್ಣದ ಚರ್ಮಕ್ಕೆ ಗಾಯವಾದರೆ, ಮೊಡವೆ ಒಡೆದರೆ, ಸುಟ್ಟರೆ ಅಲ್ಲಿ ಕಪ್ಪು ನಿಲ್ಲೋದು ಸಹಜ. ಟೂತ್‌ಪೇಸ್ಟು, ಅಡುಗೆ ಸೋಡಾ ಇವೂ ಅಷ್ಟೇ. ಆ ಹುಡುಗಿಗೆ ಇದೆಲ್ಲ ಹೇಳಿದೆ. ಎಲ್ಲ ಕೇಳಿ ಕೊನೆಗೆ ಅಂದಳು, "ಅಣ್ಣಾ, ಅದೆಲ್ಲ ಖರೇ. ಆದ್ರ ಇವು ಹೋಗಂಗಿಲ್ಲೇನ್ರಿ?"

ಹೋಗ್ತವೆ, ಪೂರ್ತಿ ಅಲ್ಲ. ಅದಕ್ಕೂ ದಾರಿಗಳಿವೆ, ಆಮೇಲೆ ಹೇಳ್ತೀನಿ. ಮೊದಲು ಎರಡನೇ ದಿನದ ಕತೆ ಕೇಳಿ.

ಎರಡನೇ ದಿನ ಅಫಜಲಪುರ ಕಡೆ ಹೋದ್ವಿ. ಭೀಮಾ ದಂಡೆಯ ಊರು, ಸುತ್ತ ಕಬ್ಬು. ನೆಂಟರ ಮನೆಯ ಸೊಸೆ, ಮೂವತ್ತರ ಆಸುಪಾಸು. ಎರಡನೇ ಹೆರಿಗೆ ಆದಮೇಲೆ ಎರಡೂ ಕೆನ್ನೆ, ಹಣೆ, ಮೇಲ್ದುಟಿಯ ಮೇಲೆ ನಕಾಶೆ ಬರೆದ ಹಾಗೆ ಕಂದು ಪಟ್ಟಿ ಬಂದಿದೆ. ಇದು ಎಳ್ಳಿನ ಚುಕ್ಕೆ ಅಲ್ಲ. ಇದು ಬಂಗು, ಡಾಕ್ಟರ ಭಾಷೆಯಲ್ಲಿ ಮೆಲಾಸ್ಮಾ. ನನ್ನ ಕೆನ್ನೆ ಮೇಲೆ ಇರೋದೂ ಇದೇ. ಬಸುರಿಯಲ್ಲಿ ಏರುಪೇರಾಗೋ ಹಾರ್ಮೋನು, ಕೆಲವರಿಗೆ ಗರ್ಭನಿರೋಧಕ ಮಾತ್ರೆ, ಮನೆತನದ ಗುಣ, ಎಲ್ಲಕ್ಕಿಂತ ಹೆಚ್ಚಾಗಿ ಬಿಸಿಲು, ಇವೆಲ್ಲ ಸೇರಿ ಬರೋದು. ಗಂಡಸರಿಗೂ ಬರುತ್ತೆ. ಒಲೆಯ ಝಳವೂ ಇದನ್ನ ಹೆಚ್ಚಿಸಬಹುದು ಅಂತ ಚರ್ಮವೈದ್ಯರು ಹೇಳ್ತಾರೆ. ಹೊಲದಲ್ಲಿ ಬಿಸಿಲು, ಮನೆಗೆ ಬಂದರೆ ರೊಟ್ಟಿ ಬಡಿಯೋ ಒಲೆ ಮುಂದೆ ಬೆಂಕಿ. ನಮ್ಮ ಹೆಣ್ಣುಮಕ್ಕಳ ಕೆನ್ನೆಗೆ ಬಿಡುವು ಯಾವಾಗ ಹೇಳಿ?

ಕಲಬುರಗಿ ಬಿಸಿಲು ಅಂದರೆ ಬೆಂಗಳೂರಿನವರಿಗೆ ಟಿವಿಯಲ್ಲಿ ಬರೋ ಒಂದು ನಂಬರು. ನಲವತ್ತು ದಾಟಿತು, ನಲವತ್ಮೂರಾಯ್ತು ಅಂತ ನಾವೂ ಕೆಂಪು ಅಕ್ಷರದಲ್ಲಿ ಹಾಕ್ತೀವಿ. ಮೇ ತಿಂಗಳ ಮೊದಲಾರ್ಧದಲ್ಲಿ ಒಂದು ದಿನ ಅಲ್ಲಿ ನಡುಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರ್ತಾನೆ, ನೆಟ್ಟ ಕೋಲಿಗೆ ನೆರಳೇ ಇರೋದಿಲ್ಲ. ಅಂಥ ಕಾಲದಲ್ಲೇ ಉದ್ಯೋಗ ಖಾತ್ರಿ ಕೆಲಸ ನಡೆಯೋದು, ಅಂಥ ಕಾಲದಲ್ಲೇ ನಮ್ಮ ತಾಯಂದಿರು ಬುಟ್ಟಿ ಹೊರೋದು. ಮಳೆಗಾಲಕ್ಕೆ ತೊಗರಿ ಹೊಲದ ಕಳೆ, ಆಮೇಲೆ ಹತ್ತಿ ಬಿಡಿಸೋದು, ಆಮೇಲೆ ತೊಗರಿ ಕೊಯ್ಲು. ಬಂಗು ಬಂದದ್ದು ದುಡಿಮೆಯಿಂದ. ಆದರೆ ಮನೆಯಲ್ಲಿ ಅತ್ತೆ, ಓಣಿಯಲ್ಲಿ ಗೆಳತಿಯರು ಅಂತಾರೆ, "ಎಂಥಾ ಚಂದ ಇದ್ದಾಕಿ ಹೆಂಗಾಗ್ಯಾಳ ನೋಡ."

ಆಕೆ ಕೇಳಿದ್ದು ಒಂದೇ ಪ್ರಶ್ನೆ. "ಸನ್‌ಸ್ಕ್ರೀನ್ ಅಂತಾರಲ್ರೀ, ಅದರ ರೇಟ್ ಎಷ್ಟ್ರಿ?" ರೇಟು ಹೇಳಿದೆ. ಸುಮ್ಮನಾದಳು. ಅದು ಆಕೆಯ ಒಂದು ದಿನದ ಕೂಲಿ.

ಮೂರನೇ ದಿನ ಜೇವರ್ಗಿ. ಅದು ನಮ್ಮ ಸ್ವಂತ ಊರು. ಕಾರ್ಡು ಕೊಡೋಕೆ ಅಲ್ಲ, ಮನೆಗೇ ಹೋದೆ. ಅಣ್ಣನ ಮಗಳು, ಮದುವೆ ಹುಡುಗನ ತಂಗಿ, ಇಪ್ಪತ್ಮೂರು ವರ್ಷ. ನಾನು ಬಂದರೆ ಓಡಿ ಬಂದು ಚೀಲ ಇಸ್ಕೊಳ್ಳೋ ಹುಡುಗಿ, ಆವತ್ತು ಒಳಕೋಣೆಯಿಂದ ಹೊರಗೆ ಬರಲಿಲ್ಲ. ನಾನೇ ಒಳಗೆ ಹೋದೆ. ಮುಖ ಕೆಂಪು ಕೆಂಪಾಗಿ ಊದಿದೆ. ಕೆನ್ನೆ ಮೇಲೆ ಸಣ್ಣ ಸಣ್ಣ ಕೆಂಪು ನರ ಜೇಡರ ಬಲೆಯ ಹಾಗೆ ಕಾಣ್ತಿವೆ. ಗದ್ದದ ಮೇಲೆ ಕೂದಲು, ಮೊಡವೆ. ಏನವ್ವ ಇದು ಅಂದೆ. ದಿಂಬಿನ ಕೆಳಗಿಂದ ಟ್ಯೂಬು ತೆಗೆದು ಕೈಗೆ ಕೊಟ್ಟಳು.

ಎರಡು ವರ್ಷದಿಂದ ಹಚ್ಚಿಕೊಳ್ತಿದ್ದಾಳಂತೆ. ಮೊದಲು ಕನ್ಯಾ ನೋಡೋಕೆ ಬಂದವರು "ಹುಡುಗಿ ಮಾರಿ ಮ್ಯಾಲ ಕಲಿ ಅದಾವ" ಅಂತ ಹೇಳಿ ಕಳಿಸಿದ್ದರು. ನಾಲ್ಕು ಮೊಡವೆ ಕಲೆ, ಅಷ್ಟೆ. ಮೆಡಿಕಲ್ ಅಂಗಡಿಯಲ್ಲಿ ಕೇಳಿದರೆ ಈ ಟ್ಯೂಬು ಕೊಟ್ಟರು. ಚೀಟಿ ಕೇಳಲಿಲ್ಲ. ಹತ್ತೇ ದಿನಕ್ಕೆ ಮುಖ ಬೆಳ್ಳಗೆ, ನುಣ್ಣಗೆ. ಮನೆಯವರೆಲ್ಲ ಹೊಗಳಿದರು. ಓಣಿಯ ನಾಲ್ಕು ಹುಡುಗಿಯರಿಗೂ ಇವಳೇ ಹೆಸರು ಬರೆದು ಕೊಟ್ಟಳು. ಆರು ತಿಂಗಳ ಮೇಲೆ ಶುರುವಾಯ್ತು. ಬಿಸಿಲಿಗೆ ಹೋದರೆ ಉರಿ, ಎರಡು ದಿನ ಬಿಟ್ಟರೆ ಮುಖ ಕೆಂಡ. "ಹಚ್ಕೊಂಡ್ರೂ ಉರೀತದ, ಬಿಟ್ರ ಇನ್ನೂ ಉರೀತದ ಕಾಕಾ," ಅಂದಳು.

ಟ್ಯೂಬಿನ ಮೇಲಿನ ಇರುವೆ ಗಾತ್ರದ ಅಕ್ಷರ ಓದಿದೆ. ಮೂರು ಔಷಧಿಗಳ ಮಿಶ್ರಣ. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮತ್ತೆ ಮೊಮೆಟಾಸೋನ್. ಈ ಮೂರನೆಯದು ಸ್ಟೀರಾಯ್ಡ್. ನಿಮ್ಮ ಮನೆಯ ಟ್ಯೂಬಿನಲ್ಲಿ ಬೀಟಾಮೆಥಾಸೋನ್ ಇರಬಹುದು, ಕ್ಲೋಬೆಟಾಸೋಲ್ ಇರಬಹುದು, ಫ್ಲೂಸಿನೋಲೋನ್ ಇರಬಹುದು. ಹೆಸರು ಬೇರೆ, ಜಾತಿ ಒಂದೇ. ಇವು ಕೆಟ್ಟ ಔಷಧಿಗಳಲ್ಲ. ಇಸುಬು, ಸೋರಿಯಾಸಿಸ್‌ಗೆ ಡಾಕ್ಟರು ಇಷ್ಟು ದಿನ, ಇಷ್ಟೇ ಪ್ರಮಾಣ ಅಂತ ಬರೆದು ಕೊಟ್ಟರೆ ದೊಡ್ಡ ಉಪಕಾರಿಗಳು. ಬಂಗಿಗೂ ಇಂಥ ಮಿಶ್ರಣವನ್ನ ಡಾಕ್ಟರು ಕೆಲವು ವಾರಗಳ ಮಟ್ಟಿಗೆ ಕೊಡೋದುಂಟು. ಆದರೆ ಸ್ನೋ, ಪೌಡರ್ ಥರ ದಿನಾ ತಿಂಗಳುಗಟ್ಟಲೆ ಹಚ್ಚಿದರೆ ಸ್ಟೀರಾಯ್ಡು ಚರ್ಮವನ್ನ ತೆಳ್ಳಗೆ ಮಾಡುತ್ತೆ, ಚರ್ಮ ಅದಕ್ಕೆ ದಾಸನಾಗುತ್ತೆ. ಬಿಟ್ಟ ತಕ್ಷಣ ಉರಿ, ಕೆಂಪು. ಹೆದರಿ ಮತ್ತೆ ಹಚ್ಚೋದು. ಕುಡಿತದ ಚಟಕ್ಕೂ ಇದಕ್ಕೂ ಏನು ವ್ಯತ್ಯಾಸ ಹೇಳಿ.

ಕಾನೂನು ಏನು ಹೇಳುತ್ತೆ? ಬಹಳ ಕಾಲ ಇಲ್ಲೊಂದು ಕಿಂಡಿ ಇತ್ತು. ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಔಷಧಿಗಳ ಪಟ್ಟಿಗೆ ಷೆಡ್ಯೂಲ್ ಎಚ್ ಅಂತಾರೆ. ಮೈಮೇಲೆ ಹಚ್ಚೋ ಔಷಧಿಗೆ ಅದರಲ್ಲಿ ವಿನಾಯಿತಿ ಇತ್ತು. ಚರ್ಮವೈದ್ಯರ ರಾಷ್ಟ್ರೀಯ ಸಂಘಟನೆ ಐಎಡಿವಿಎಲ್ ಇದರ ವಿರುದ್ಧ ವರ್ಷಗಟ್ಟಲೆ ದನಿ ಎತ್ತಿತು. 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಕ್ರೀಮುಗಳನ್ನ ಈ ಪಟ್ಟಿಗೆ ಸೇರಿಸಿತು. ಅಂದರೆ ಚೀಟಿ ಇಲ್ಲದೆ ಕೊಡೋದು ತಪ್ಪು. ನನ್ನ ಮುಂದೆ ಕೂತ ಹುಡುಗಿ ಆ ಆದೇಶ ಬಂದ ಎಷ್ಟೋ ಕಾಲದ ಮೇಲೆ ಚೀಟಿ ಇಲ್ಲದೆ ಎರಡು ವರ್ಷ ಅದನ್ನ ತಂದಿದ್ದಾಳೆ. ದೆಹಲಿಯ ಗೆಜೆಟ್ಟು ಜೇವರ್ಗಿ ಕೌಂಟರ್ ತನಕ ಬಂದು ಮುಟ್ಟಿಲ್ಲ.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ತಯಾರಿಸಿದವರ ವಿಳಾಸ ಇಲ್ಲದ, ಏನು ಬೆರೆಸಿದ್ದಾರೆ ಅಂತ ಬರೆಯದ, ಯಾವ ದೇಶದ್ದೋ ಗೊತ್ತಿಲ್ಲದ ಡಬ್ಬಿ ಕ್ರೀಮುಗಳು. ಇವುಗಳಲ್ಲಿ ಕೆಲವಕ್ಕೆ ಪಾದರಸ ಬೆರೆಸಿರ್ತಾರೆ. ಪಾದರಸ ಮೆಲನಿನ್ ತಯಾರಿಯನ್ನ ತಡೆಯುತ್ತೆ, ಮುಖ ಬೇಗ ಬೆಳ್ಳಗಾಗುತ್ತೆ. ಆದರೆ ಅದು ಚರ್ಮದ ಮೂಲಕ ಒಳಗಿಳಿದು ಮೂತ್ರಪಿಂಡ ಸೇರುತ್ತೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನಲ್ಲಿ, 2023ರ ಹೊತ್ತಿಗೆ, ಮುಖ ಕಾಲು ಊದಿ ಮೂತ್ರದಲ್ಲಿ ಪ್ರೋಟೀನ್ ಹೋಗ್ತಿದ್ದ ರೋಗಿಗಳನ್ನ ವಿಚಾರಿಸಿದಾಗ ಹಲವರು ಇಂಥ ಬಿಳುಪಿನ ಕ್ರೀಮು ಹಚ್ಚುತ್ತಿದ್ದದ್ದು ಹೊರಬಂತು. ಮುಖದ ಕ್ರೀಮಿಗೆ ಪಾದರಸ ಬೆರೆಸೋದು ನಮ್ಮ ದೇಶದಲ್ಲಿ ಕಾನೂನುಬಾಹಿರ.

ಹಾಗಾದರೆ ಕಲೆ ತಿಳಿಯಾಗಿಸೋಕೆ ಸರಿಯಾದ ದಾರಿ ಏನು? ಆಳಂದದ ಹುಡುಗಿಗೆ ಹೇಳ್ತೀನಿ ಅಂದಿದ್ದೆ. ಕೇಳಿ.

ಒಂದು, ನೆರಳು. ಇದಿಲ್ಲದೆ ಉಳಿದದ್ದೆಲ್ಲ ಸೋರೋ ಕೊಡಕ್ಕೆ ನೀರು ತುಂಬಿದ ಹಾಗೆ. ಸನ್‌ಸ್ಕ್ರೀನ್ ಕೊಳ್ಳೋ ಶಕ್ತಿ ಇದ್ದರೆ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನದು, ಹೊರಗೆ ಹೋಗೋ ಕಾಲು ಗಂಟೆ ಮೊದಲು, ಎರಡು ಬೆರಳುದ್ದದಷ್ಟು, ಬಿಸಿಲಲ್ಲೇ ಇದ್ದರೆ ಎರಡೆರಡು ಗಂಟೆಗೊಮ್ಮೆ. ಬಂಗು ಇದ್ದವರಿಗೆ ಚರ್ಮದ ಬಣ್ಣ ಬೆರೆಸಿದ ಸನ್‌ಸ್ಕ್ರೀನ್ ಇನ್ನೂ ಒಳ್ಳೆಯದು, ಕಣ್ಣಿಗೆ ಕಾಣೋ ಬೆಳಕಿನಿಂದಲೂ ಬಂಗು ಹೆಚ್ಚುತ್ತೆ. ಕೊಳ್ಳೋ ಶಕ್ತಿ ಇಲ್ಲವಾ? ದಟ್ಟ ನೇಯ್ಗೆಯ, ಗಾಢ ಬಣ್ಣದ ಬಟ್ಟೆ ಹಣೆಯ ಮುಂದಕ್ಕೆ ಬರೋ ಹಾಗೆ ಕಟ್ಟಿಕೊಳ್ಳಿ, ಅಗಲ ಅಂಚಿನ ಟೊಪ್ಪಿಗೆ ಹಾಕಿ. ನಮ್ಮ ಅಜ್ಜಿಯರು ಸೆರಗು ಮುಂದಕ್ಕೆ ಎಳ್ಕೊಂಡು ಕಳೆ ತೆಗೀತಿದ್ದರಲ್ಲ, ಅದು ಬರೀ ಮರ್ಯಾದೆಗಲ್ಲ.

ಎರಡು, ಡಾಕ್ಟರು ಬರೆದು ಕೊಡೋ ಕ್ರೀಮು. ಅಜೆಲಾಯಿಕ್ ಆಸಿಡ್, ಕೋಜಿಕ್ ಆಸಿಡ್, ಟ್ರೆಟಿನಾಯಿನ್, ಹೈಡ್ರೋಕ್ವಿನೋನ್ ಹೀಗೆ ಹಲವು ಇವೆ. ಯಾವ ಕಲೆಗೆ ಯಾವುದು, ಎಷ್ಟು ದಿನ ಅನ್ನೋದು ಅವರ ಲೆಕ್ಕ. ಹೈಡ್ರೋಕ್ವಿನೋನನ್ನ ವರ್ಷಗಟ್ಟಲೆ ಹಚ್ಚಿದರೆ ಚರ್ಮ ನೀಲಿಗಪ್ಪು ಆಗಬಹುದು, ಅದನ್ನ ತೆಗೆಯೋದು ಬಹಳ ಕಷ್ಟ. ಬಸುರಿಯರು ಟ್ರೆಟಿನಾಯಿನ್, ಹೈಡ್ರೋಕ್ವಿನೋನ್ ಹಚ್ಚಬಾರದು. ಯಾವ ಒಳ್ಳೆಯ ಕ್ರೀಮೂ ಹತ್ತು ದಿನಕ್ಕೆ ಕೆಲಸ ಮಾಡೋದಿಲ್ಲ. ಎರಡು ಮೂರು ತಿಂಗಳು ಬೇಕು. ಹತ್ತು ದಿನಕ್ಕೆ ಮುಖ ಹೊಳೆದರೆ ಖುಷಿಪಡಬೇಡಿ, ಅನುಮಾನಪಡಿ.

ಮೂರು, ಆಸಿಡ್ ಪೀಲ್ ಮತ್ತು ಲೇಸರ್. ಎಳ್ಳಿನ ಚುಕ್ಕೆಗೆ ಲೇಸರ್ ಕೆಲಸ ಮಾಡುತ್ತೆ. ಆದರೆ ಸಾವಿರಾರು ರೂಪಾಯಿ ಖರ್ಚು, ಮತ್ತೆ ಬಿಸಿಲಿಗೆ ಹೋದರೆ ಚುಕ್ಕೆ ಮರಳಿ ಬರ್ತವೆ. ಬಂಗಿಗೆ ಲೇಸರ್ ಹೊಡೆದರೆ ನಮ್ಮ ಚರ್ಮದಲ್ಲಿ ಇನ್ನಷ್ಟು ಕಪ್ಪಾಗೋ ಅಪಾಯ ಇದೆ. ಹಾಗಾಗಿ ಬ್ಯೂಟಿ ಪಾರ್ಲರ್‌ನಲ್ಲಿ ಬೇಡ, ಚರ್ಮರೋಗ ತಜ್ಞರ ಕೈಯಲ್ಲಿ ಮಾತ್ರ. ಕಲಬುರಗಿಯಲ್ಲಿ ಜಿಮ್ಸ್‌ನಂಥ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗ ಇದೆ. ಜೇವರ್ಗಿಯಿಂದಲೂ ಆಳಂದದಿಂದಲೂ ಬಸ್ಸಿನಲ್ಲಿ ಒಂದು ಗಂಟೆಯ ದಾರಿ, ಅಫಜಲಪುರದಿಂದ ಸ್ವಲ್ಪ ಹೆಚ್ಚು.

ನಾಲ್ಕು, ಸ್ಟೀರಾಯ್ಡ್ ಟ್ಯೂಬು ತಿಂಗಳುಗಟ್ಟಲೆ ಹಚ್ಚಿದವರು ಈ ಮಾತು ಕೇಳಿ ಇವತ್ತೇ ಎಸೆದು ಸುಮ್ಮನೆ ಕೂರಬೇಡಿ. ಬಿಟ್ಟಾಗ ಉರಿ ಬರುತ್ತೆ, ಆ ಉರಿಗೆ ಹೆದರಿ ಮತ್ತೆ ಹಚ್ಚುತ್ತೀರಿ. ಟ್ಯೂಬು ಕೈಯಲ್ಲೇ ಹಿಡ್ಕೊಂಡು ಡಾಕ್ಟರ ಹತ್ತಿರ ಹೋಗಿ. ಬಿಡಿಸೋ ಕ್ರಮ ಅವರಿಗೆ ಗೊತ್ತು.

ಇಷ್ಟು ಔಷಧಿಯ ಮಾತು. ಈಗ ಔಷಧಿ ಇಲ್ಲದ ಕಾಯಿಲೆಯ ಮಾತು.

ನಮ್ಮ ಕಡೆ ಹೊಲ ಕೊಳ್ಳೋಕೆ ಹೋದವನು ಮಣ್ಣು ಕೈಯಲ್ಲಿ ಹಿಡಿದು ನೋಡ್ತಾನೆ. ಎರಿ ಹೊಲ, ಕಪ್ಪು ಮಣ್ಣು ಅಂದರೆ ಎರಡು ಮಾತಿಲ್ಲ, ರೇಟು ಜಾಸ್ತಿ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಆ ತೊಗರಿ ಬೆಳೆಯೋದು ಈ ಕಪ್ಪು ಮಣ್ಣಲ್ಲೇ. ಅದೇ ಮನುಷ್ಯ ಮಗನಿಗೆ ಹೆಣ್ಣು ನೋಡೋಕೆ ಹೋದಾಗ ಏನಂತಾನೆ? "ಹುಡುಗಿ ಕಪ್ಪಗಿದ್ರೂ ಲಕ್ಷಣ ಅದಾಳ." ಆ "ಇದ್ರೂ" ಅನ್ನೋದನ್ನ ಗಮನಿಸಿ. ಎರಡಕ್ಷರದಲ್ಲಿ ಒಂದು ಹೆಣ್ಣನ್ನ ಎಷ್ಟು ಕೆಳಗೆ ಇಳಿಸಿಬಿಡ್ತೀವಿ.

ಇದರಲ್ಲಿ ನಮ್ಮ ಪಾಲೂ ಇದೆ. ಫೇರ್ ಅಂಡ್ ಲವ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದದ್ದು 1975ರಲ್ಲಿ. 2014ರಲ್ಲಿ ಜಾಹೀರಾತು ಗುಣಮಟ್ಟ ಮಂಡಳಿ, ಕಪ್ಪು ಮೈಬಣ್ಣದವರನ್ನ ಕೀಳಾಗಿ ತೋರಿಸಬಾರದು ಅಂತ ನಿಯಮ ಮಾಡಿತು. 2020ರಲ್ಲಿ ಆ ಕ್ರೀಮಿನ ಹೆಸರಿನಿಂದ ಫೇರ್ ಹೋಗಿ ಗ್ಲೋ ಬಂತು. ಹೆಸರು ಬದಲಾಗೋಕೆ ನಲವತ್ತೈದು ವರ್ಷ ಬೇಕಾಯ್ತು. ಆ ಕಾಲದಲ್ಲಿ ಬಿಳುಪು ಮಾರೋ ಜಾಹೀರಾತುಗಳನ್ನ ಮನೆಮನೆಗೆ ಮುಟ್ಟಿಸಿದ್ದು ಟಿವಿ. ಒಂದು ಬ್ರೇಕ್ ತಗೊಳ್ಳೋಣ ಅಂತ ನಗುತ್ತಾ ಹೇಳಿದವರಲ್ಲಿ ನಾನೂ ಒಬ್ಬ, ಅದೂ ಈ ಬಂಗಿನ ಮೇಲೆ ಬಣ್ಣ ಬಳ್ಕೊಂಡು. ನನ್ನ ಮನೆಯ ಹುಡುಗಿ ದಿನಾ ನೋಡ್ತಿದ್ದದ್ದು ಆ ಬಣ್ಣದ ಮುಖವನ್ನ. ಅಂಗಡಿಯವನೊಬ್ಬನನ್ನ ಬೈದು ನಾನು ತಪ್ಪಿಸ್ಕೊಳ್ಳೋಕೆ ಆಗೋದಿಲ್ಲ.

ಅವಳನ್ನ ಕಲಬುರಗಿಗೆ ಕರ್ಕೊಂಡು ಹೋದ್ವಿ. ಚಿಕಿತ್ಸೆ ಶುರುವಾಗಿ ನಾಲ್ಕು ತಿಂಗಳಾಯ್ತು. ಉರಿ ನಿಂತಿದೆ, ಕೆಂಪು ಇಳಿದಿದೆ. ನರಗಳು ಇನ್ನೂ ಕಾಣ್ತವೆ, ಕಲೆಯೂ ಇದೆ. ಪೂರ್ತಿ ಮೊದಲಿನ ಹಾಗೆ ಆಗುತ್ತಾ ಅಂತ ಕೇಳಿದೆ. ಡಾಕ್ಟರು, ತಾಳ್ಮೆ ಇರಲಿ ಅಂದರು. ಅಣ್ಣನ ಮದುವೆಯಲ್ಲಿ ಅವಳು ಯಾವ ಫೋಟೋದಲ್ಲೂ ನಿಲ್ಲಲಿಲ್ಲ. ಆದರೆ ಹೋದ ವಾರ ಫೋನ್ ಮಾಡಿ ಒಂದು ವಿಷಯ ಹೇಳಿದಳು. ತಾನು ಟ್ಯೂಬಿನ ಹೆಸರು ಬರೆದು ಕೊಟ್ಟಿದ್ದ ಆ ನಾಲ್ಕು ಹುಡುಗಿಯರ ಮನೆಗೆ ಹೋಗಿ, ತನ್ನ ಮಾರಿ ತೋರಿಸಿ, ನಾಲ್ವರನ್ನೂ ಬಸ್ ಹತ್ತಿಸಿ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿದ್ದಳಂತೆ.

ಅವಳು ಮಾಡಿದ ಕೆಲಸದಲ್ಲಿ ಅರ್ಧದಷ್ಟನ್ನ ನೀವೂ ಮಾಡಿ. ಈ ಕಾರ್ಯಕ್ರಮ ಮುಗಿದ ಮೇಲೆ ಎದ್ದು ಹೋಗಿ ಕನ್ನಡಿ ಹಿಂದಿನ ಟ್ಯೂಬು ತಗೊಳ್ಳಿ. ಕನ್ನಡಕ ಹಾಕ್ಕೊಂಡು ಸಣ್ಣ ಅಕ್ಷರ ಓದಿ. ಹೆಸರಿನ ಕೊನೆಗೆ ಸೋನ್, ಸೋಲ್, ಲೋನ್ ಅಂತ ಬಂದರೆ, ಷೆಡ್ಯೂಲ್ ಎಚ್ ಅಂತ ಬರೆದಿದ್ದರೆ, ಅದು ಯಾರ ಚೀಟಿ ಮೇಲೆ ಮನೆಗೆ ಬಂತು ಅಂತ ಕೇಳಿ. ಮಗಳನ್ನ ಬೈಯೋಕೆ ಹೋಗಬೇಡಿ. ಅವಳ ಮುಖಕ್ಕೆ ಕಲೆ ಇದೆ ಅಂತ ಮೊದಲು ಹೇಳಿದವರು ಯಾರು ಅಂತ ನೆನಪು ಮಾಡ್ಕೊಳ್ಳಿ.